ಸಾರಿವೆಯ ಹೆಸರು, ಮಾಕಳಿಯ ಬೇರು

ಗ್ರಂಧಿಗೆ ಅಂಗಡಿಯಲ್ಲಿ ‘ಸಾರಿವಾ ಕೊಡಿ’ ಎಂದು ಕೇಳಿದರೆ ಕೈಗೆ ಬರುವ ಪೊಟ್ಟಣದಲ್ಲಿ ಏನಿರುತ್ತದೆ? ಪೆನ್ಸಿಲ್‌ಗಿಂತ ಸಣ್ಣದಾದ, ಕಂದುಬಣ್ಣದ, ತೊಗಟೆ ಅಡ್ಡಡ್ಡ ಬಿರಿದ ಕಡ್ಡಿಗಳು ಇರಬಹುದು. ಅಥವಾ ಹೆಬ್ಬೆರಳಿಗಿಂತ ದಪ್ಪವಾದ ಬೇರನ್ನು ತುಂಡರಿಸಿ ಒಣಗಿಸಿದ ಚೂರುಗಳು ಇರಬಹುದು. ಎರಡನ್ನೂ ಮೂಗಿಗೆ ಹಿಡಿದರೆ ಹೆಚ್ಚುಕಡಿಮೆ ಒಂದೇ ವಾಸನೆ, ವೆನಿಲಾದ ನೆನಪು ತರುವ ಸಿಹಿಗಂಧ. ಮೊದಲನೆಯದು ನಮ್ಮ ಕಡೆ ನಾಮದ ಬೇರು, ಸೊಗದೆ ಬೇರು ಎಂದು ಕರೆಯುವ ಬಳ್ಳಿಯದು; ಸಸ್ಯಶಾಸ್ತ್ರದಲ್ಲಿ ಹೆಮಿಡೆಸ್ಮಸ್ ಇಂಡಿಕಸ್. ಎರಡನೆಯದು ಮಾಕಳಿ ಬೇರು, ಅಂದರೆ ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಇವೆರಡೂ ಬೇರೆ ಬೇರೆ ಕುಲದ ಗಿಡಗಳು. ಆಯುರ್ವೇದದ ಅಧಿಕೃತ ಫಾರ್ಮಕೋಪಿಯಾ ಶ್ವೇತ ಸಾರಿವಾ ಎಂದು ಗುರುತಿಸುವುದು ಮೊದಲನೆಯದನ್ನು ಮಾತ್ರ.

ಹಾಗಿದ್ದರೆ ಎರಡನೆಯದು ಅದೇ ಹೆಸರಿನ ಡಬ್ಬಿಯೊಳಗೆ ಹೇಗೆ ಬಂತು? ಈ ಪ್ರಶ್ನೆಯನ್ನು ‘ಕಲಬೆರಕೆ’ ಎಂಬ ಒಂದು ಪದದಲ್ಲಿ ಮುಗಿಸಿಬಿಡಬಹುದು. ಆದರೆ ಈ ಬೇರುಗಳ ಹಿಂದೆ ಹೋದಷ್ಟೂ, ಒಂದರ ಜಾಗದಲ್ಲಿ ಇನ್ನೊಂದು ಕೂರುವ ಈ ಆಟ ನಾಲ್ಕೈದು ಶತಮಾನಗಳಷ್ಟು ಹಳೆಯದು ಎಂಬುದು ಗೊತ್ತಾಗುತ್ತದೆ. ಮೂರು ಖಂಡಗಳು ಅದರಲ್ಲಿ ಪಾಲುಗೊಂಡಿವೆ.

ಮೊದಲು ಸಾರಿವೆಯ ಹಳೆಯ ಸ್ಥಾನ ನೋಡೋಣ. ಚರಕಸಂಹಿತೆಯಲ್ಲಿ ಗಿಡಮೂಲಿಕೆಗಳನ್ನು ಅವು ಮಾಡುವ ಕೆಲಸಕ್ಕೆ ತಕ್ಕಂತೆ ಹತ್ತು ಹತ್ತರ ಗುಂಪು ಮಾಡಲಾಗಿದೆ. ಇವೇ ಐವತ್ತು ಮಹಾಕಷಾಯಗಳು. ಸಾರಿವಾ ಅವುಗಳಲ್ಲಿ ಹಲವೆಡೆ ಕಾಣಿಸಿಕೊಳ್ಳುತ್ತದೆ. ಜ್ವರ ಇಳಿಸುವ ಗುಂಪಿನಲ್ಲಿ, ಉರಿ ತಣಿಸುವ ಗುಂಪಿನಲ್ಲಿ, ಬಾಣಂತಿಯ ಎದೆಹಾಲನ್ನು ಶುದ್ಧಗೊಳಿಸುವ ಗುಂಪಿನಲ್ಲಿ ಅದಕ್ಕೆ ಜಾಗವಿದೆ. ಸುಶ್ರುತನಲ್ಲಂತೂ ಅದರ ಹೆಸರಿನಲ್ಲೇ ಒಂದು ಗಣವಿದೆ. ಸಾರಿವಾದಿ ಗಣದಲ್ಲಿ ಅದರ ಜೊತೆಗಾರರು ಯಾರೆಂದು ನೋಡಿದರೆ ಸಾಕು, ಕೆಲಸ ಏನೆಂದು ತಿಳಿಯುತ್ತದೆ: ಚಂದನ, ಲಾಮಂಚ, ಇಪ್ಪೆಹೂವು, ಜ್ಯೇಷ್ಠಮಧು. ಬಾಯಾರಿಕೆ, ಪಿತ್ತಜ್ವರ, ರಕ್ತಪಿತ್ತ, ಮೈಯುರಿ ಇವುಗಳಿಗೆ ಈ ಗಣ. ಒಟ್ಟಿನಲ್ಲಿ ಅದು ತಂಪಿನ ಬೇರು. ಬೇಸಿಗೆಯಲ್ಲಿ ಸೊಗದೆ ಬೇರಿನ ಶರಬತ್ತು ಕುಡಿಯುವ ನಮ್ಮ ರೂಢಿಗೂ ಶಾಸ್ತ್ರಕ್ಕೂ ಇಲ್ಲಿ ಜಗಳವಿಲ್ಲ.

ಜಗಳ ಶುರುವಾಗುವುದು ಗಿಡ ಯಾವುದು ಎಂಬಲ್ಲಿ. ಸಂಹಿತೆಗಳು ಗಿಡದ ಚಿತ್ರ ಬಿಡಿಸುವುದಿಲ್ಲ. ಹೆಸರು, ಪರ್ಯಾಯ ಹೆಸರು, ಗುಣ ಹೇಳುತ್ತವೆ; ಗಿಡ ತೋರಿಸುವುದು ಗುರುವಿನ ಕೆಲಸ, ಅಥವಾ ಕಾಡಿನವರ ಕೆಲಸ. ನಿಘಂಟುಗಳು ಬರುವ ಹೊತ್ತಿಗೆ ಸಾರಿವೆ ಎರಡಾಗಿತ್ತು, ಬಿಳಿಯದೊಂದು ಕರಿಯದೊಂದು. ಕೃಷ್ಣ ಸಾರಿವಾ ಎಂದರೆ ಯಾವ ಬಳ್ಳಿ ಎಂಬುದಕ್ಕೆ ಇವತ್ತಿಗೂ ಎರಡು ಮೂರು ಉತ್ತರಗಳಿವೆ, ಪ್ರದೇಶಕ್ಕೊಂದು. ಆ ಗೋಜಲಿಗೆ ಇಲ್ಲಿ ಇಳಿಯುವುದು ಬೇಡ. ಬಿಳಿಯ ಸಾರಿವೆಯೇ ಬೇಕಾದಷ್ಟು ಕಷ್ಟ ಕೊಡುತ್ತದೆ.

ಒಂದು ಮದ್ದಿಗೆ ಇನ್ನೊಂದನ್ನು ಬಳಸುವುದನ್ನು ಆಯುರ್ವೇದ ತಪ್ಪೆಂದು ಭಾವಿಸಿರಲಿಲ್ಲ ಎಂಬುದನ್ನೂ ಹೇಳಬೇಕು. 16ನೇ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ದಲ್ಲಿ ಅಭಾವ ಪ್ರತಿನಿಧಿ ದ್ರವ್ಯಗಳ ವಿಚಾರ ಬರುತ್ತದೆ. ಮೇದಾ ಮಹಾಮೇದಾ ಸಿಗದಿದ್ದರೆ ಶತಾವರಿ ಹಾಕು, ಕಾಕೋಲಿ ಸಿಗದಿದ್ದರೆ ಅಶ್ವಗಂಧ, ಜೀವಕ ಋಷಭಕಗಳ ಬದಲು ವಿದಾರಿ ಎಂಬ ರೀತಿಯ ವ್ಯವಸ್ಥೆ ಅದು. ಹಿಮಾಲಯದ ಅಷ್ಟವರ್ಗದ ಗಿಡಗಳು ಬಯಲಿನ ವೈದ್ಯನಿಗೆ ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡು ಮಾಡಿದ ಏರ್ಪಾಡು. ಇದರಲ್ಲಿ ನನಗೆ ಮುಖ್ಯವೆನಿಸುವುದು ಬದಲಿ ವಸ್ತುಗಳ ಪಟ್ಟಿಗಿಂತ ಅದರ ಬಹಿರಂಗತೆ. ‘ಇದು ಅದಲ್ಲ, ಅದರ ಬದಲಿಗೆ ಇದು’ ಎಂದು ಗ್ರಂಥವೇ ಹೇಳುತ್ತದೆ. ಶತಾವರಿಯನ್ನು ಮೇದಾ ಎಂದು ಅದು ಕರೆಯುವುದಿಲ್ಲ.

ಅದೇ ಭಾವಪ್ರಕಾಶದಲ್ಲಿ ಇನ್ನೊಂದು ಹೊಸ ಸಂಗತಿಯಿದೆ: ಫಿರಂಗ ರೋಗ. ಪೋರ್ಚುಗೀಸರ ಹಡಗುಗಳ ಹಿಂದೆ ಬಂದ ಸಿಫಿಲಿಸ್‌ಗೆ ಭಾವಮಿಶ್ರ ಕೊಟ್ಟ ಹೆಸರು. ಅದಕ್ಕೆ ಅವನು ಹೇಳಿದ ಮದ್ದುಗಳಲ್ಲಿ ಒಂದು ಚೋಪಚೀನಿ, ಚೀನಾ ಕಡೆಯಿಂದ ಬರುತ್ತಿದ್ದ ಸ್ಮೈಲಾಕ್ಸ್ ಜಾತಿಯ ಬೇರು. ಅದೇ ಶತಮಾನದಲ್ಲಿ ಸ್ಪೇನಿನವರು ಮಧ್ಯ ಅಮೆರಿಕದಿಂದ ಅದೇ ಸ್ಮೈಲಾಕ್ಸ್ ಕುಲದ ಇನ್ನೊಂದು ಬೇರನ್ನು ಯುರೋಪಿಗೆ ತಂದರು. ಅದೇ ಸಾರ್ಸಪರಿಲ್ಲ. ರಕ್ತ ಶುದ್ಧಿಯ ಮದ್ದು ಎಂದು ಅದು ಮುಂದೆ ಮುನ್ನೂರು ವರ್ಷ ಯುರೋಪಿನ ಔಷಧದಂಗಡಿಗಳನ್ನು ಆಳಿತು.

ಈಗ ಕಥೆ ಮತ್ತೆ ನಮ್ಮ ಕಡೆ ತಿರುಗುತ್ತದೆ. ಅಮೆರಿಕದಿಂದ ಬರುವ ಬೇರು ದುಬಾರಿ. ಭಾರತದಲ್ಲಿದ್ದ ಕಂಪನಿ ಸರ್ಕಾರದ ವೈದ್ಯರಿಗೆ ಸ್ಥಳೀಯವಾದ, ಅಗ್ಗದ ಬದಲಿ ಬೇಕಿತ್ತು. ದಕ್ಷಿಣದಲ್ಲಿ ‘ನನ್ನಾರಿ’ ಎಂದು ಜನ ಕುಡಿಯುತ್ತಿದ್ದ ಬೇರು ಅವರ ಕಣ್ಣಿಗೆ ಬಿತ್ತು. ಅದಕ್ಕೆ ಅವರಿಟ್ಟ ಹೆಸರು ‘ಇಂಡಿಯನ್ ಸಾರ್ಸಪರಿಲ್ಲ’. ಹೆಮಿಡೆಸ್ಮಸ್‌ಗೂ ಸ್ಮೈಲಾಕ್ಸ್‌ಗೂ ಸಸ್ಯಲೋಕದಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ. 1864ರ ಮೊದಲ ಬ್ರಿಟಿಷ್ ಫಾರ್ಮಕೋಪಿಯಾದಲ್ಲಿ ಹೆಮಿಡೆಸ್ಮಸ್ ಬೇರು ಜಾಗ ಪಡೆಯಿತು. ಇವತ್ತು ಸಾರಿವಾ ಎಂದ ತಕ್ಷಣ ‘ರಕ್ತಶೋಧಕ’ ಎಂಬ ಮಾತು ಬಾಯಿಗೆ ಬರುತ್ತದಲ್ಲ, ಅದರಲ್ಲಿ ಸಂಹಿತೆಯ ಪಾಲೆಷ್ಟು, ಸಾರ್ಸಪರಿಲ್ಲದ ಬಾಟಲಿಯ ಪಾಲೆಷ್ಟು ಎಂಬ ಅನುಮಾನ ನನಗಿದೆ. ಚರಕ ಸುಶ್ರುತರಲ್ಲಿ ಎದ್ದು ಕಾಣುವುದು ಉರಿ, ಜ್ವರ, ಬಾಯಾರಿಕೆ. ಚರ್ಮರೋಗ, ವಿಷಗಳ ಯೋಗಗಳಲ್ಲೂ ಸಾರಿವೆ ಇದೆ ನಿಜ. ಆದರೆ ‘ಬ್ಲಡ್ ಪ್ಯೂರಿಫೈಯರ್’ ಎಂಬ ಪದ ಇಂಗ್ಲಿಷಿನಿಂದ ಬಂದು ಅದರ ಮೇಲೆ ಕೂತ ಮೇಲೆ ಉಳಿದ ಗುಣಗಳು ಹಿಂದೆ ಸರಿದವು.

ಹೀಗೆ ಅಮೆರಿಕದ ಬೇರಿನ ಬದಲಿಗೆ ನಮ್ಮ ನಾಮದ ಬೇರು ಬಂತು. ನಾಮದ ಬೇರಿನ ಬದಲಿಗೆ ಬಂದದ್ದು ಮಾಕಳಿ.

ಮಾಕಳಿ ಬಳ್ಳಿಯನ್ನು ನೋಡಬೇಕೆಂದರೆ ತೋಟದಲ್ಲಿ ಹುಡುಕಬಾರದು, ಬಂಡೆಗೆ ಹೋಗಬೇಕು. ದಖ್ಖನ್ನಿನ ಒಣ ಕಲ್ಲುಗುಡ್ಡಗಳು ಅದರ ಮನೆ; ದಕ್ಷಿಣ ಭಾರತ ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದು ಸಹಜವಾಗಿ ಬೆಳೆಯುವುದಿಲ್ಲ. ಸಾವನದುರ್ಗ, ರಾಮನಗರ, ದೇವರಾಯನದುರ್ಗ, ಹೀಗೆ ಬೆಂಗಳೂರನ್ನು ಸುತ್ತುವರಿದ ಬಂಡೆಸಾಲು ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಂಡೆಯ ಸಂದಿಯಲ್ಲಿ ಸಿಕ್ಕ ಹಿಡಿಮಣ್ಣಿಗೆ ಬೇರಿಳಿಸಿ, ಬರಗಾಲಕ್ಕೆಂದು ನೀರು ಆಹಾರ ಕೂಡಿಟ್ಟುಕೊಳ್ಳುವ ಗಿಡ ಅದು. ಗೆಡ್ಡೆಯಂತೆ ಊದಿದ ಬೇರುಗಳು ಗೊಂಚಲು ಗೊಂಚಲಾಗಿ ಇಳಿಯುತ್ತವೆ. ನಾಮದ ಬೇರಿನ ಬಳ್ಳಿಯಾದರೋ ಹೊಲದ ಬದು, ಬೇಲಿ, ಕುರುಚಲು ಎಲ್ಲೆಂದರಲ್ಲಿ ಹಬ್ಬುವ ತೆಳ್ಳನೆ ಬಳ್ಳಿ. ಎಲೆಯ ನಡುವೆ ನಾಮ ಎಳೆದಂತೆ ಬಿಳಿ ಗೆರೆ.

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಮಾಕಳಿದುರ್ಗವಿದೆ, ರೈಲಿನ ಕಿಟಕಿಯಿಂದಲೇ ಕಾಣುವ ಕೋಟೆಬೆಟ್ಟ. ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯಲ್ಲಿ ಮಾಕಳಿ ಎಂಬ ಊರಿದೆ, ಅಲ್ಲಿ ಗಿಡಮೂಲಿಕೆ ಔಷಧದ ದೊಡ್ಡ ಕಾರ್ಖಾನೆಯೂ ಇದೆ. ಬೇರಿನಿಂದಲೇ ಊರಿಗೂ ಬೆಟ್ಟಕ್ಕೂ ಹೆಸರು ಬಂತು ಎಂದು ಹೇಳಿಬಿಡಲು ನಾಲಿಗೆ ತುರಿಸುತ್ತದೆ. ಹೇಳುವುದಿಲ್ಲ. ಹೆಸರು ಒಂದೇ ಇದ್ದಮಾತ್ರಕ್ಕೆ ವಸ್ತುಗಳಿಗೆ ಸಂಬಂಧವಿರಬೇಕಿಲ್ಲ ಎಂಬುದೇ ಈ ಬರಹದ ವಿಷಯ.

ಸಂಸ್ಕೃತ ನಿಘಂಟುಗಳಲ್ಲಿ ಮಾಕಳಿಗೆ ತನ್ನದೇ ಆದ, ಎಲ್ಲರೂ ಒಪ್ಪಿದ ಹೆಸರಿಲ್ಲ. ಈಚಿನವರು ಅದನ್ನು ‘ಸಾರಿವಾ ಭೇದ’ ಎನ್ನುತ್ತಾರೆ, ಅಂದರೆ ಸಾರಿವೆಯ ಒಂದು ಬಗೆ. ಅಡುಗೆಮನೆಗಳಲ್ಲಿ ಮಾತ್ರ ಅದಕ್ಕೆ ಹೆಸರಿನ ಬರವಿಲ್ಲ. ಕನ್ನಡದಲ್ಲಿ ಮಾಕಳಿ, ಮಾಗಳಿ, ವಾಗಣಿ. ತಮಿಳಿನಲ್ಲಿ ಮಾಗಾಳಿ ಕಿಳಂಗು. ತೆಲುಗಿನಲ್ಲಿ ಮಾರೆಡು ಕೊಮ್ಮುಲು. ಬೇರನ್ನು ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ಹೆರೆದು, ಜಜ್ಜಿ, ನಡುವಿನ ಕಟ್ಟಿಗೆಯಂಥ ನಾರನ್ನು ಎಳೆದು ಬಿಸಾಡಿ, ಉಳಿದ ತಿರುಳನ್ನು ಹೆಚ್ಚಿ ಉಪ್ಪು, ನಿಂಬೆರಸ, ಸಾಸಿವೆ, ಮೆಣಸಿನಕಾಯಿ ಹಾಕುತ್ತಾರೆ. ಮೊಸರು ಮಜ್ಜಿಗೆಯಲ್ಲಿ ಹಾಕುವವರೂ ಇದ್ದಾರೆ. ಇಷ್ಟಪಡುವವರು ಮೊಸರನ್ನಕ್ಕೆ ಇದರ ಮುಂದೆ ಇನ್ನೊಂದಿಲ್ಲ ಎನ್ನುತ್ತಾರೆ. ಇಷ್ಟಪಡದವರು ತಿಗಣೆ ವಾಸನೆ ಎಂದು ಎದ್ದು ಹೋಗುತ್ತಾರೆ. ನಾನು ಮೊದಲ ಪಕ್ಷದವನು, ಓದುಗರು ಈ ಪಕ್ಷಪಾತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ವಿಜ್ಞಾನದ ಪತ್ರಿಕೆಗಳಿಗೂ ಈ ಬೇರು ಬಂದದ್ದು ಉಪ್ಪಿನಕಾಯಿಯ ದಾರಿಯಿಂದಲೇ. 1937ರಲ್ಲಿ ಮದ್ರಾಸಿನ ಕೃಷಿ ಪತ್ರಿಕೆಯೊಂದರಲ್ಲಿ ಕೆ.ಸಿ. ಜೇಕಬ್ ಇದರ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬರೆದರು. ಇದುವರೆಗೆ ದಾಖಲಾಗದ ಆರ್ಥಿಕ ಉತ್ಪನ್ನ ಎಂಬುದು ಅದರ ಶೀರ್ಷಿಕೆಯ ಸಾರ. ದಾಖಲಾಗದ್ದು ಯಾರಿಗೆ ಎಂಬ ಪ್ರಶ್ನೆ ಕೇಳಬಹುದು, ಇರಲಿ. ಆಂಧ್ರ ವಿಶ್ವವಿದ್ಯಾಲಯದ ಪಿ.ಬಿ.ಆರ್. ಮೂರ್ತಿ ಮತ್ತು ಟಿ.ಆರ್. ಶೇಷಾದ್ರಿ 1941ರಿಂದಾಚೆಗೆ ಈ ಬೇರಿನ ರಾಸಾಯನಿಕ ಘಟಕಗಳನ್ನು ಬಿಡಿಸುತ್ತ ಸರಣಿ ಲೇಖನಗಳನ್ನು ಬರೆದರು. ಅವು ಪ್ರಕಟವಾದದ್ದು ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ.

ಆ ಗಂಧದ ಹಿಂದಿರುವ ಅಣುವಿನ ಹೆಸರು 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ಹೆಸರು ನೋಡಿ ಹೆದರಬೇಕಿಲ್ಲ. ವೆನಿಲಾಗೆ ಪರಿಮಳ ಕೊಡುವ ವೆನಿಲಿನ್‌ನಲ್ಲಿ 8 ಇಂಗಾಲ, 8 ಜಲಜನಕ, 3 ಆಮ್ಲಜನಕದ ಪರಮಾಣುಗಳಿವೆ. ಇದರಲ್ಲೂ ಅಷ್ಟೇ ಇವೆ, ಕೂತ ಜಾಗ ಮಾತ್ರ ಬೇರೆ. ಮಾಕಳಿ ಬೇರಿನಿಂದ ಭಟ್ಟಿ ಇಳಿಸಿದ ತೈಲದ ಬಹುಪಾಲು ಈ ಒಂದೇ ಅಣು. ನಾಮದ ಬೇರಿನ ಪರಿಮಳವೂ ಅದರದ್ದೇ. ಆಫ್ರಿಕಾದ ಕೀನ್ಯಾ, ಉಗಾಂಡಾಗಳಲ್ಲಿ ಜನ ಅಗಿಯುವ ಮೊಂಡಿಯಾ ಎಂಬ ಬಳ್ಳಿಯ ಬೇರಿನಲ್ಲೂ ಅದೇ ಇದೆ.

ಬದಲಿ ಬೇರಿನ ಗುಟ್ಟು ಇಲ್ಲಿದೆ ಎಂದು ನನಗನ್ನಿಸುತ್ತದೆ. ಗ್ರಂಧಿಗೆ ಅಂಗಡಿಯ ಪ್ರಯೋಗಾಲಯ ಎಂದರೆ ಮೂಗು. ಬೇರು ಮುರಿದು ಮೂಸಿ, ಗಂಧವಿದ್ದರೆ ಸಾರಿವಾ, ಇಲ್ಲದಿದ್ದರೆ ಅಲ್ಲ. ಮಾಕಳಿ ಆ ಪರೀಕ್ಷೆಯಲ್ಲಿ ಪಾಸಾಗುವುದಷ್ಟೇ ಅಲ್ಲ, ನಾಮದ ಬೇರಿಗಿಂತ ಹೆಚ್ಚು ಅಂಕ ತೆಗೆಯುತ್ತದೆ. ಜೊತೆಗೆ ನಾಮದ ಬೇರು ಒಂದು ಕೆ.ಜಿ. ಆಗಬೇಕಾದರೆ ಎಷ್ಟೋ ಬಳ್ಳಿ ಅಗೆಯಬೇಕು. ಮಾಕಳಿಯ ಒಂದೇ ಬುಡ ಚೀಲಕ್ಕೆ ಭಾರ ತರುತ್ತದೆ. ಗಂಧ ಜೋರು, ತೂಕ ಜಾಸ್ತಿ, ಅಗೆತ ಕಡಿಮೆ. ಯಾವ ವ್ಯಾಪಾರಿಯೂ ಮೋಸ ಮಾಡಲೇಬೇಕೆಂದು ಹೊರಡದಿದ್ದರೂ ಈ ಮೂರು ಕಾರಣಗಳು ಸೇರಿ ಕೆಲಸ ಮುಗಿಸುತ್ತವೆ.

ಇದನ್ನು ಬೆಂಗಳೂರಿನವರೇ ಬಹಳ ಹಿಂದೆ ಗಮನಿಸಿದ್ದರು. ನಾಯರ್, ಶೆಟ್ಟಿ, ಮೇರಿ ಮತ್ತು ಎಸ್.ಎನ್. ಯೋಗನರಸಿಂಹನ್ 1978ರಲ್ಲಿ ಅದೇ ಅಕಾಡೆಮಿಯ ಪತ್ರಿಕೆಯಲ್ಲಿ ಮಾಕಳಿ ಬೇರಿನ ರಚನೆಯನ್ನು ನಾಮದ ಬೇರಿನ ಜೊತೆ ಹೋಲಿಸಿ ಲೇಖನ ಪ್ರಕಟಿಸಿದರು. ಮೂಗನ್ನು ಬದಿಗಿಟ್ಟು, ಬೇರನ್ನು ಅಡ್ಡ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಕೆಲಸ. ಹಾಗೆ ನೋಡಿದರೆ ಎರಡೂ ಬೇರೆ ಎಂದು ಹೇಳಲು ಕಷ್ಟವಿಲ್ಲ. ಲೇಖನ ಬಂದು ಐವತ್ತು ವರ್ಷ ಹತ್ತಿರವಾಯಿತು.

ಸೂಕ್ಷ್ಮದರ್ಶಕವಿಲ್ಲದೆಯೂ ಗೊತ್ತಿರುವವರಿದ್ದಾರೆ. ದೊಡ್ಡಬಳ್ಳಾಪುರದ ಸಂತೆಯಲ್ಲಿ ಗೋಣಿತಾಟಿನ ಮೇಲೆ ಬೇರು ಹರಡಿಕೊಂಡು ಕೂತಿದ್ದ ಅಜ್ಜಿಯೊಬ್ಬರನ್ನು ಇದು ಸಾರಿವಾನಾ ಎಂದು ಕೇಳಿದೆ. ‘ಅದೇನೋ ನಂಗೊತ್ತಿಲ್ಲ ಮಗಾ. ಇದು ಮಾಕ್ಳಿ ಬೇರು. ನಿಂಗೆ ಉಪ್ಪಿನಕಾಯಿಗೆ ಬೇಕೋ, ಔಸದಿಗೆ ಬೇಕೋ?’ ಎಂದರು. ಔಷಧಿಗೆ ಎಂದೆ. ‘ಹಂಗಾರೆ ಇದಲ್ಲ, ನಾಮದ್ ಬೇರು ತಗಾ. ಕಡ್ಡಿ ತರ ಇರ್ತದೆ. ಇವತ್ತು ತಂದಿಲ್ಲ.’ ಬೇರು ಅಗೆಯುವುದು ಹೇಗೆಂದು ಕೇಳಿದಾಗ, ಎಲ್ಲ ಕೀಳಬಾರದು, ಒಂದೆರಡು ಬಿಟ್ಟು ಮಣ್ಣು ಮುಚ್ಚಿ ಬಂದರೆ ಬಳ್ಳಿ ಮತ್ತೆ ಚಿಗುರುತ್ತದೆ ಎಂದರು. ಈಗ ಯಾರೂ ಮುಚ್ಚುವುದಿಲ್ಲ ಎಂದೂ ಸೇರಿಸಿದರು. ಒಂದು ಮಾರಾಟ ಕಳೆದುಕೊಂಡಾದರೂ ಅವರು ಉಳಿಸಿಕೊಂಡ ವ್ಯತ್ಯಾಸ, ಚೀಲ ಮಂಡಿಗೆ ಹೋಗಿ ಅಲ್ಲಿಂದ ಮುಂದಕ್ಕೆ ಹೋಗುವಾಗ ಅಳಿಸಿಹೋಗುತ್ತದೆ.

ಹಾಗೆಂದು ಮಾಕಳಿಯೇನು ಕೆಲಸಕ್ಕೆ ಬಾರದ ಬೇರಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ., ಇದರ ಮೇಲೆ ಮಾಡಿದಷ್ಟು ಕೆಲಸವನ್ನು ಬಹುಶಃ ಬೇರೆ ಯಾರೂ ಮಾಡಿಲ್ಲ. ಬೇರಿನ ಸಾರದಿಂದ ಕಾಳುಗಳನ್ನು ಹುಳುಗಳಿಂದ ಕಾಪಾಡಬಹುದು ಎಂದು ಅಲ್ಲಿನವರು 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಟಿ. ಶಿವಾನಂದಪ್ಪ ಅವರ ತಂಡ ಬೇರಿನ ನೀರಿನ ಸಾರದಿಂದ ಎಲ್ಲಾಜಿಕ್ ಆಮ್ಲವೇ ಮೊದಲಾದ ಉತ್ಕರ್ಷಣ ತಡೆಯುವ ವಸ್ತುಗಳನ್ನು ಬೇರ್ಪಡಿಸಿತು. ಇಲಿಗಳ ಯಕೃತ್ತಿಗೆ ಕಾರ್ಬನ್ ಟೆಟ್ರಾಕ್ಲೋರೈಡ್‌ನಿಂದ ಆಗುವ ಹಾನಿಯನ್ನು ಈ ಬೇರು ತಗ್ಗಿಸುತ್ತದೆಂದೂ ತೋರಿಸಿತು. ಶೈಲಜಾ ಧರ್ಮೇಶ್ ಅವರ ತಂಡ 2007ರಲ್ಲಿ ಬೇರಿನ ಪೆಕ್ಟಿನ್ ಬಗೆಯ ಸಕ್ಕರೆಸರಪಣಿಯೊಂದು ಇಲಿಗಳಲ್ಲಿ ಹೊಟ್ಟೆಹುಣ್ಣನ್ನು ತಡೆಯುವ ಬಗೆಯನ್ನು ವಿವರಿಸಿತು. ಆ ಸರಪಣಿಗೆ ಅಂಟಿಕೊಂಡ ಫೀನಾಲುಗಳು ಅಲ್ಲಿ ಮುಖ್ಯ ಪಾತ್ರ ವಹಿಸುತ್ತವೆ. ಹಸಿವಾಗಲು, ಹೊಟ್ಟೆ ತಣ್ಣಗಿರಲು ಎಂದು ಊಟದ ಕೊನೆಗೆ ಮೊಸರನ್ನದ ಜೊತೆ ಇದನ್ನು ಬಡಿಸುವ ಮನೆಗಳಿಗೆ ಇದು ಕೇಳಲು ಹಿತವಾದ ಸುದ್ದಿ. ಆದರೆ ಇವೆಲ್ಲ ಗಾಜಿನ ನಳಿಕೆ ಮತ್ತು ಇಲಿಗಳ ಮಟ್ಟದ ಫಲಿತಾಂಶಗಳು. ಮನುಷ್ಯರಿಗೆ ಎಷ್ಟು ಪ್ರಮಾಣ, ಎಷ್ಟು ದಿನ ಎಂಬ ಉತ್ತರ ಇವುಗಳಿಂದ ಸಿಗುವುದಿಲ್ಲ.

ನಾಮದ ಬೇರಿನ ಪ್ರಯೋಗಗಳದ್ದು ಬೇರೆಯೇ ಸಾಲು. ಕಲ್ಕತ್ತಾದಲ್ಲಿ ಆಲಂ, ಗೋಮ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಅದರಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಮಂಡಲದ ಹಾವಿನ ವಿಷದ ಪರಿಣಾಮಗಳನ್ನು ಅದು ಪ್ರಾಣಿಗಳಲ್ಲಿ ತಗ್ಗಿಸುವುದನ್ನು ವರದಿ ಮಾಡಿದರು. ಆ ಅಣುವಿನ ಹೆಸರು 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜೋಯಿಕ್ ಆಮ್ಲ. ಮೇಲೆ ಹೇಳಿದ ಗಂಧದ ಅಣುವಿನ ಹೆಸರಿನ ಪಕ್ಕ ಇಟ್ಟು ನೋಡಿ, ಕೊನೆಯ ತುಂಡು ಮಾತ್ರ ಬೇರೆ. ಆ ತುಂಡು ಬೇರೆಯಾದರೆ ಅಣುವೇ ಬೇರೆ. ಆಮ್ಲದ ಮೇಲೆ ಮಾಡಿದ ಪ್ರಯೋಗ ಆಲ್ಡಿಹೈಡ್‌ಗೆ ಅನ್ವಯಿಸುವುದಿಲ್ಲ, ನಾಮದ ಬೇರಿನ ಮೇಲೆ ಮಾಡಿದ್ದು ಮಾಕಳಿಗೆ ಅನ್ವಯಿಸುವುದಿಲ್ಲ. ಆದರೆ ಮಾರುಕಟ್ಟೆಯಲ್ಲಿ ‘ಸಾರಿವಾ’ ಎಂಬ ಹೆಸರು ಎರಡೂ ಬೇರುಗಳ ಪುಣ್ಯವನ್ನು ಒಟ್ಟಿಗೆ ಬಾಚಿಕೊಳ್ಳುತ್ತದೆ. ಚರಕನ ಶ್ಲೋಕ, ಕಲ್ಕತ್ತಾದ ಪ್ರಯೋಗ, ಮೈಸೂರಿನ ಪ್ರಯೋಗ ಎಲ್ಲವೂ ಒಂದೇ ಲೇಬಲ್ಲಿನ ಬೆನ್ನಿಗೆ ನಿಲ್ಲುತ್ತವೆ, ಬಾಟಲಿಯೊಳಗೆ ಯಾವ ಬೇರಿದೆ ಎಂಬುದು ಖಚಿತವಾಗುವ ಮೊದಲೇ.

1940ರ ಔಷಧ ಕಾಯ್ದೆಗೆ 1964ರಲ್ಲಿ ತಿದ್ದುಪಡಿಯಾಗಿ ಆಯುರ್ವೇದ ಔಷಧಗಳೂ ಅದರ ವ್ಯಾಪ್ತಿಗೆ ಬಂದವು. ಭಾವಮಿಶ್ರನ ಕಾಲದಲ್ಲಿ ಗ್ರಂಥ ಮಾಡುತ್ತಿದ್ದ ಕೆಲಸವನ್ನು, ಅಂದರೆ ಯಾವುದರ ಬದಲು ಯಾವುದು ಎಂದು ಬಾಯಿಬಿಟ್ಟು ಹೇಳುವುದನ್ನು, ಈಗ ಲೇಬಲ್ಲು ಮಾಡಬಹುದಿತ್ತು. ‘ಸಾರಿವಾ ಪ್ರತಿನಿಧಿ: ಮಾಕಳಿ’ ಎಂದು ಬರೆದರೆ ಯಾವ ಶಾಸ್ತ್ರಕ್ಕೂ ಅವಮಾನವಿಲ್ಲ. ಮಾಕಳಿಗೆ ಅದರದ್ದೇ ಗುಣವಿದೆ, ಅದನ್ನು ಹೇಳಿಕೊಂಡು ಮಾರಲು ಯಾರಿಗೂ ನಾಚಿಕೆಯಾಗಬೇಕಿಲ್ಲ. ತಿರುಪತಿಯ ಸುತ್ತಮುತ್ತ ಮಾಕಳಿಯಿಂದಲೇ ಶರಬತ್ತು ಮಾಡುತ್ತಾರೆ. ಅಲ್ಲೂ ಅದರ ಹೆಸರು ನನ್ನಾರಿ.

ಹೆಸರು ಮರೆಯಾದರೆ ಲೆಕ್ಕವೂ ಮರೆಯಾಗುತ್ತದೆ ಎಂಬುದು ಇದರ ಇನ್ನೊಂದು ಮುಖ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ 2015ರಿಂದ ಮಾಕಳಿ ‘ಅಳಿವಿನಂಚಿನ’ ಗಿಡ. ಆ ಪಟ್ಟಿಯಲ್ಲಿರುವುದು ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂಬ ಹೆಸರು. ಮಂಡಿಯ ರಸೀದಿಯಲ್ಲಿರುವುದು ಸಾರಿವಾ, ಅನಂತಮೂಲ, ನನ್ನಾರಿ. ಬೇಲಿಬದುಗಳಲ್ಲಿ ಧಾರಾಳವಾಗಿ ಬೆಳೆಯುವ ನಾಮದ ಬೇರಿನ ಹೆಸರಿನಲ್ಲಿ, ಬಂಡೆಯ ಸಂದಿ ಬಿಟ್ಟು ಬೇರೆಡೆ ಬದುಕದ ಬೇರು ಸಾಗಣೆಯಾಗುತ್ತಿದ್ದರೆ ಕಾಗದ ನೋಡಿದವರಿಗೆ ಗಾಬರಿಯಾಗುವುದಾದರೂ ಹೇಗೆ? ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಸಾವನದುರ್ಗ, ದೇವರಾಯನದುರ್ಗಗಳಲ್ಲಿ ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ಅಂಥ ಗುರುತಿಲ್ಲದ ಚಿಕ್ಕಪುಟ್ಟ ಗುಡ್ಡಗಳೂ ನಮ್ಮ ಜಿಲ್ಲೆಯಲ್ಲಿವೆ. ಅವುಗಳಲ್ಲಿ ಕೆಲವು ಕಲ್ಲು ಕ್ವಾರಿಗಳಾಗಿವೆ. ಅಲ್ಲಿ ಬಳ್ಳಿಗಿಂತ ಮೊದಲು ಬಂಡೆಯೇ ಹೋಗುತ್ತದೆ.

ಬೆಳೆಸಬಹುದಲ್ಲ ಎಂದು ಯಾರಾದರೂ ಕೇಳುತ್ತಾರೆ. ಬೆಳೆಸಬಹುದು, ಅಂಗಾಂಶ ಕೃಷಿಯಿಂದ ಸಸಿ ಮಾಡುವ ವಿಧಾನಗಳನ್ನೂ ಮೈಸೂರಿನವರು ರೂಪಿಸಿದ್ದಾರೆ. ಆದರೆ ಬೇರು ತೂಕಕ್ಕೆ ಬರಲು ವರ್ಷಗಳು ಬೇಕು. ಅಷ್ಟು ಕಾದ ರೈತನ ಬೇರಿಗೂ ಗುಡ್ಡದಿಂದ ಕಿತ್ತು ತಂದ ಬೇರಿಗೂ ಮಂಡಿಯಲ್ಲಿ ಒಂದೇ ಹೆಸರು, ಒಂದೇ ದರ. ಬೀಜದಿಂದ ತಾನಾಗಿಯೇ ಹಬ್ಬಲಿ ಎಂದರೆ ಬಳ್ಳಿ ಕಾಯಿ ಬಿಡುವವರೆಗೆ ನೆಲದಲ್ಲಿರಬೇಕು. ಜೋಡಿ ಕಾಯಿಗಳು ಒಣಗಿ ಒಡೆದಾಗ ರೇಷ್ಮೆಯಂಥ ಕೂದಲು ಕಟ್ಟಿಕೊಂಡ ಬೀಜಗಳು ಗಾಳಿಗೆ ಹಾರಿ ಇನ್ನೊಂದು ಬಂಡೆಯ ಸಂದಿ ಸೇರುತ್ತವೆ. ಬೇರು ಅಗೆಯುವವರು ಕಾಯಿ ಒಡೆಯುವವರೆಗೆ ಕಾಯುವುದಿಲ್ಲ. ಚೀಲಕ್ಕೆ ಇಂತಿಷ್ಟು ಎಂದು ಕೂಲಿ ಎಣಿಸುವವರು ಕಾಯಿರಿ ಎಂದು ಹೇಳುವುದೂ ಇಲ್ಲ.